ಪಕ್ಕದ ಸೀಟಿಗೆ ಆರಿಸಿದ ಸ್ಪ್ರಿಂಗು

ಕಾರು ಅಳಿಯನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆ ಮನೆಯಲ್ಲಿ ತನ್ನದು ಎಂದು ಹೇಳಿಕೊಳ್ಳಲು ಅವನಿಗೆ ಬೇರೇನೂ ಇರಲಿಲ್ಲ. ಮನೆ ಮಾವನದು, ಅಂಗಡಿ ಮಾವನದು, ಮಲಗುವ ಹಾಸಿಗೆಯಂತೂ ಮಾವನ ಅಂಗಡಿಯಲ್ಲೇ ಹೊಲಿದದ್ದು. ಹೆಂಡತಿ ಅವನವಳು ನಿಜ, ಆದರೆ ಅವಳೂ ಮೊದಲು ಮಾವನ ಮಗಳು. ಮದುವೆಗೆ ಮುಂಚೆ, ಕೈಯಲ್ಲಿ ಬೇರೆ ಕೆಲಸವಿದ್ದ ಕಾಲದಲ್ಲಿ, ಯಾರನ್ನೂ ಕೇಳದೆ ಕೊಂಡ ಎರಡು ಬಾಗಿಲಿನ ಬೂದು ಬಣ್ಣದ ಸ್ಪೋರ್ಟ್ಸ್ ಕಾರು ಅದು. ಹಿಂದೆಯೂ ಸೀಟು ಇದೆ ಎಂದು ಮಾಡಿದವರು ಹೇಳುತ್ತಾರೆ. ಅಲ್ಲಿ ಒಂದು ಚೀಲ ಇಟ್ಟರೆ ಚೀಲವೇ ಮುದುಡಿಕೊಂಡು ಕೂರಬೇಕು. ಹೀಗಾಗಿ ಲೆಕ್ಕಕ್ಕೆ ಬರುವುದು ಮುಂದಿನ ಎರಡೇ ಸೀಟು. ಒಂದರಲ್ಲಿ ಅಳಿಯ. ಇನ್ನೊಂದರಲ್ಲಿ, ದಿನಾ, ಹೋಗುವಾಗಲೂ ಬರುವಾಗಲೂ, ಮಾವ.

ಇದು ಶುರುವಾದದ್ದು ಅಳಿಯನ ಬಾಯಿಂದಲೇ. ಅವನು ಕೆಲಸ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿಕೊಂಡಾಗ ಮಾವ, "ಇನ್ನೊಂದು ಸಿಗೋ ತನಕ ಅಂಗಡೀಲಿ ಕೂತಿರಿ ಅಳಿಯಂದ್ರೇ, ಮನೇಲಿ ಕೂತ್ರೆ ತಲೆ ಕೆಡುತ್ತೆ" ಎಂದಿದ್ದರು. ಮೊದಲ ದಿನ ಬೆಳಿಗ್ಗೆ ಅವರು ಗೇಟಿನ ಹತ್ತಿರ ಅಂಗಡಿಯ ವ್ಯಾನಿಗೆ ಕಾಯುತ್ತ ನಿಂತಿದ್ದರು. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಗಾಡಿ ಓಡಿಸುವುದನ್ನು ಬಿಟ್ಟಿದ್ದರು. ಸರಕು ಹೊರುವ ವ್ಯಾನು ಗೋಡೌನಿನಿಂದ ಹೊರಟು ಮನೆ ಮುಂದೆಯೇ ಹಾದು ಹೋಗುತ್ತಿದ್ದುದರಿಂದ ಅದರಲ್ಲೇ ಹತ್ತಿಕೊಳ್ಳುತ್ತಿದ್ದರು. ಅಳಿಯ ಕೈ ಬೀಸಿ ಹೋಗಬಹುದಿತ್ತು. ಆದರೆ ಹೊಸ ಅಳಿಯ, ಸೌಜನ್ಯ ಉಕ್ಕಿತು. ಇಳಿದು ಬಂದು, ಪಕ್ಕದ ಬಾಗಿಲು ತೆರೆದು, "ಬನ್ನಿ ಮಾವ, ನಾನೂ ಅಲ್ಲಿಗೇ ಅಲ್ವಾ" ಎಂದ. ಮಾವ ಕೂತರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಕೆಟ್ಟ ಮಾತಿಗೆ ಹೇಳಿದ್ದು ಎಂದೇ ಎಲ್ಲರೂ ತಿಳಿದಿದ್ದಾರೆ. ಒಳ್ಳೆಯ ಮಾತಿಗೂ ಅದು ಅಷ್ಟೇ ಸಲ್ಲುತ್ತದೆ.

ಇನ್ನೊಂದು ಕೆಲಸ ಸಿಗಲಿಲ್ಲ. ಮೊದಮೊದಲು ಹುಡುಕಿದ, ಆಮೇಲೆ ಹುಡುಕಿದಂತೆ ಮಾಡಿದ, ಕೊನೆಗೆ ಅದನ್ನೂ ಬಿಟ್ಟ. ಆ ಬೀದಿಯಲ್ಲಿ ಅವನ ಹೆಸರು 'ಹಾಸಿಗೆ ಅಳಿಯ' ಎಂದಾಯಿತು.

ಮಾವ ಕೆಟ್ಟವರಾಗಿದ್ದರೆ ಕಷ್ಟವಿರಲಿಲ್ಲ, ಜಗಳವಾಡಿ ಮುಗಿಸಬಹುದಿತ್ತು. ಅವರು ಒಳ್ಳೆಯವರು, ಅದೇ ತೊಂದರೆ. ಎಂದೂ ಗದರಿಸಿದವರಲ್ಲ, ತಟ್ಟೆಯಲ್ಲಿ ಒಳ್ಳೆಯದನ್ನು ಅಳಿಯನ ಕಡೆಗೇ ತಳ್ಳುವವರು. ಆದರೆ ಮಾತು. ಕಾರು ಹೊರಟರೆ ಮಾತೂ ಹೊರಡುತ್ತಿತ್ತು. ದಾರಿಯ ಅಂಗಡಿಗಳ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ಕಣ್ಣು ಸರಿಯಾಗಿದೆ ಎಂದು ತಮಗೆ ತಾವೇ ಖಾತ್ರಿ ಮಾಡಿಕೊಳ್ಳುವ ಬಗೆ ಅದು. "ಕನ್ನಡಕದಂಗಡಿ. ಬೀಗ ರಿಪೇರಿ. ಮಕ್ಕಳ ಬಟ್ಟೆ. ಓ, ಇಲ್ಲಿ ಹೊಸ ಬೇಕರಿ ಬರ್ತಿದೆ ನೋಡಿ." ಬೋರ್ಡು ಮುಗಿದ ಕಡೆ ಹಾಸಿಗೆ ಶುರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಅವರು ಒಪ್ಪುತ್ತಿರಲಿಲ್ಲ. ಅದನ್ನು ಹೇಳಿದವನಿಗೆ ವ್ಯಾಪಾರ ಗೊತ್ತಿಲ್ಲ, ಕಾಲಿದ್ದಷ್ಟು ಹಾಸಿಗೆ ಕೊಳ್ಳಬೇಕು ಎನ್ನುತ್ತಿದ್ದರು. ಈ ಹಾಸ್ಯವನ್ನು ಅಳಿಯ ಎಷ್ಟು ಸಲ ಕೇಳಿದ್ದನೋ, ಅಷ್ಟು ಸಲವೂ ನಕ್ಕಿದ್ದ. ಮುಂದಿನ ಗಾಡಿ ಹತ್ತಿರವಾದರೆ ಮಾವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಮನೆಯಲ್ಲಿ ಒಂದೇ ಹಜಾರ, ಅಂಗಡಿಯಲ್ಲಿ ಒಂದೇ ಮೇಜು, ನಡುವೆ ಈ ಕಾರು. ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ಅಳಿಯನಿಗೆ ತಾನು ಒಬ್ಬನೇ ಇರುವ ಜಾಗ ಎಂದರೆ ಬಚ್ಚಲುಮನೆ. ಅಲ್ಲೂ ಬಾಗಿಲ ಹೊರಗಿನಿಂದ "ಬಿಸಿನೀರು ಸಾಕಾಯ್ತಾ ಅಳಿಯಂದ್ರೇ" ಎಂಬ ವಿಚಾರಣೆ. ಅವನಿಗೆ ಬೇಕಾದದ್ದು ದೊಡ್ಡದೇನಲ್ಲ. ಮನೆಯಿಂದ ಅಂಗಡಿಗೆ ಹೋಗುವ ಆ ಮುಕ್ಕಾಲು ಗಂಟೆ, ಅಂಗಡಿಯಿಂದ ಮನೆಗೆ ಬರುವ ಮುಕ್ಕಾಲು ಗಂಟೆ, ತನ್ನ ಕಾರಿನಲ್ಲಿ ತಾನು ಒಬ್ಬನೇ ಇರಬೇಕು. ಅಷ್ಟೇ. ಅದನ್ನು ಕೇಳುವುದು ಹೇಗೆ ಎಂಬುದೇ ಅವನ ಗಂಟಲಿನ ಮುಳ್ಳು. ಅವರ ಮನೆಯಲ್ಲಿ ಉಂಡು, ಅವರ ಅಂಗಡಿಯಲ್ಲಿ ಕೂತು, ಅವರನ್ನೇ ಕಾರಿನಿಂದ ಇಳಿಸುವುದು ಯಾವ ಬಾಯಿಂದ?

ಇದಕ್ಕೆಲ್ಲ ಒಂದೇ ಒಂದು ಕಿಟಕಿ ಇತ್ತು. ಎರಡು ತಿಂಗಳಿಗೊಂದು ಭಾನುವಾರ ಊರಾಚೆಯ ರೇಸ್ ಟ್ರ್ಯಾಕನ್ನು ಖಾಸಗಿ ಕಾರಿನವರಿಗೆ ಬಿಟ್ಟುಕೊಡುತ್ತಿದ್ದರು. ಅಲ್ಲಿ ಪಕ್ಕದಲ್ಲಿ ಯಾರನ್ನೂ ಕೂರಿಸುವಂತಿಲ್ಲ, ಅದು ಅವರ ಕಾನೂನು. ಇಷ್ಟು ಒಳ್ಳೆಯ ಕಾನೂನನ್ನು ಅಳಿಯ ಬೇರೆಲ್ಲೂ ಕಂಡಿರಲಿಲ್ಲ. ಹಾಸಿಗೆ ಅಂಗಡಿಗೆ ಭಾನುವಾರವೇ ಸುಗ್ಗಿ. ಗಂಡ ಹೆಂಡತಿ ಜೋಡಿಯಾಗಿ ಬಂದು, ಚಪ್ಪಲಿ ಬಿಟ್ಟು, ಸಂಕೋಚದಿಂದ ಮಲಗಿ ನೋಡುವುದು ಅವತ್ತೇ. ಗಿರಾಕಿಯನ್ನು ಮಲಗಿಸಿ ಅಳತೆ ಒಪ್ಪಿಕೊಳ್ಳುವ ಕೆಲಸವನ್ನು ಮನೆಯವರೇ ಮಾಡಬೇಕು ಎಂಬುದು ಅಂಗಡಿಯ ಹಳೆಯ ಕಟ್ಟಳೆ. ಹೆಂಡತಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಭಾನುವಾರ ತಪ್ಪದ ಡ್ಯೂಟಿ. ಆ ಒಂದು ಭಾನುವಾರ ಮಾವ ವ್ಯಾನಿನಲ್ಲಿ ಹೋಗಿ ಒಬ್ಬರೇ ಗಲ್ಲಾದಲ್ಲಿ ಕೂರುತ್ತಿದ್ದರು. "ಹೋಗಿ, ಆಟ ಆಡ್ಕೊಂಡು ಬನ್ನಿ" ಎನ್ನುತ್ತಿದ್ದರು. ಮಾವ ಕೂತರೆ ಅಳಿಯನಿಗೆ ಟ್ರ್ಯಾಕು.

ಅಂಥ ಒಂದು ಭಾನುವಾರ ಉದ್ದನೆಯ ಬಲತಿರುವಿನಲ್ಲಿ ಕಾರು ದೋಣಿಯಂತೆ ವಾಲಿತು, ಬ್ರೇಕ್ ಹಾಕಿದರೆ ಮೂಗು ನೆಲಕ್ಕಿಟ್ಟಿತು. ಸೋಮವಾರ ಊಟದ ಬಿಡುವಿನಲ್ಲಿ ಅಳಿಯ ಅದನ್ನು ಗ್ಯಾರೇಜಿಗೆ ಒಯ್ದ.

ಗ್ಯಾರೇಜಿನ ಯಜಮಾನಿಯನ್ನು ಎಲ್ಲರೂ ಗ್ಯಾರೇಜಿನಕ್ಕ ಎನ್ನುತ್ತಿದ್ದರು. ಹರೆಯದಲ್ಲಿ ರ್‍ಯಾಲಿ ಓಡಿಸಿದವಳು, ಈಗ ನಾಲಿಗೆಯನ್ನು ಅದೇ ವೇಗದಲ್ಲಿ ಓಡಿಸುವವಳು. ಕಾರನ್ನು ಮೇಲೆತ್ತಿ ಟಾರ್ಚು ಬಿಟ್ಟು ನೋಡಿದಳು.

"ಡ್ಯಾಂಪರ್ ನಾಲ್ಕೂ ಹೋಗಿದೆ. ಎಣ್ಣೆ ಸೋರ್ತಿದೆ ನೋಡು. ಸ್ಪ್ರಿಂಗು ಗುಂಡಿ ಹೊಡೆತ ತಿನ್ನುತ್ತೆ, ತಿಂದಮೇಲೆ ಕುಣೀದೇ ಇರೋ ಹಾಗೆ ಹಿಡಿಯೋದು ಡ್ಯಾಂಪರು. ಹಿಡಿಯೋನೇ ಇಲ್ಲದ ಮೇಲೆ ಕುಣಿಯೋನಿಗೆ ಏನು ಕಮ್ಮಿ? ಇದರಲ್ಲಿ ಟ್ರ್ಯಾಕಿಗೆ ಹೋಗಿ ಬಂದ್ಯಾ?"

"ಹೊಸದು ಹಾಕ್ಬೇಕು ಅಂತಲೇ ಬಂದೆ ಅಕ್ಕ. ಯಾವುದು ಹಾಕ್ಲಿ?"

"ಮೊದಲು ಕೇಳಿದ್ದಕ್ಕೆ ಹೇಳು. ವರ್ಷಕ್ಕೆ ಎಷ್ಟು ಸಲ ಟ್ರ್ಯಾಕು?"

"ಐದಾರು."

"ಮಿಕ್ಕಿದ ದಿನ?"

"ಮನೆ, ಅಂಗಡಿ. ರಸ್ತೆ ನಿಮಗೇ ಗೊತ್ತಲ್ಲ."

"ಪಕ್ಕದಲ್ಲಿ ಯಾರಾದ್ರೂ ಕೂರ್ತಾರಾ?"

"ಮಾವ."

ಅಕ್ಕ ಬೆಂಚಿನ ಮೇಲಿನ ಸಾಮಾನು ಸರಿಸಿ ಹೇಳತೊಡಗಿದಳು. ಮೊದಲನೆಯದು, ಮೊದಲಿದ್ದದ್ದೇ ಹೊಸದಾಗಿ ಹಾಕುವುದು. ಮನೆಯವರಿಗೆ ಖುಷಿ, ಟ್ರ್ಯಾಕಿನಲ್ಲಿ ಹಳೆಯ ಕಥೆಯೇ. ಇನ್ನೊಂದು, ಬರೀ ಗಿಡ್ಡ ಸ್ಪ್ರಿಂಗು. "ಗಾಡಿ ನೆಲಕ್ಕೆ ಅಂಟಿಕೊಂಡ ಹಾಗೆ ಕಾಣುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ಈ ಡ್ಯಾಂಪರ್ ಮೇಲೆ ಅದನ್ನ ಕೂರಿಸೋದು ಮುದುಕನ ಹೆಗಲಿಗೆ ಮೂಟೆ ಹೊರಿಸಿದ ಹಾಗೆ. ನಾನು ಮಾಡಲ್ಲ." ಆಮೇಲೆ ಕಾಯ್ಲೋವರ್. ಸ್ಪ್ರಿಂಗು, ಡ್ಯಾಂಪರು ಎರಡೂ ಕೂಡಿಯೇ ಬರುವ ಸೆಟ್, ಎತ್ತರ ಬೇಕಾದಂತೆ ಇಟ್ಟುಕೊಳ್ಳಬಹುದು, ತುದಿಯಲ್ಲಿ ಒಂದು ತಿರುಪು ಇರುತ್ತದೆ. ಒಂದು ಕಡೆ ತಿರುಗಿಸಿದರೆ ಡ್ಯಾಂಪರ್ ಗಟ್ಟಿ, ಇನ್ನೊಂದು ಕಡೆಗೆ ಮೆತ್ತಗೆ.

"ಅದರಲ್ಲೇ ರಸ್ತೆಗೆ ಅಂತ ಮಾಡಿರೋ ಮಧ್ಯಮ ಸ್ಪ್ರಿಂಗಿನದು ತಗೋ. ತಿರುವಲ್ಲಿ ವಾಲೋದಕ್ಕೆ ಹಿಂದೆ ಒಂದು ದಪ್ಪ ಆಂಟಿ-ರೋಲ್ ಬಾರ್ ಹಾಕೋಣ. ಭಾನುವಾರ ಗಟ್ಟಿ ತಿರುಗಿಸು, ಸೋಮವಾರ ಮೆತ್ತಗೆ. ಟ್ರ್ಯಾಕೂ ಆಯ್ತು, ಮಾವನೂ ಆಯ್ತು."

"ಅದಕ್ಕಿಂತ ಗಟ್ಟಿ ಯಾವುದೂ ಇಲ್ವಾ?"

"ಇದೆ. ರೇಸಿನವರದ್ದು. ರಸ್ತೇನೇ ನೋಡದ ಗಾಡಿಗೆ. ತಿರುಪು ಅದಕ್ಕೂ ಇದೆ, ಸ್ಪ್ರಿಂಗು ಮಾತ್ರ ಕಲ್ಲು."

"ಅದೇ ಹಾಕಿ."

ಅಕ್ಕ ಟಾರ್ಚು ಆರಿಸಿದಳು. "ಅಷ್ಟು ಗಟ್ಟಿ ಆದ್ರೆ ರಸ್ತೆ ಗುಂಡೀಲಿ ಚಕ್ರ ನೆಲ ಬಿಟ್ಟು ಹಾರುತ್ತೆ. ಹಾರೋ ಚಕ್ರಕ್ಕೆ ಹಿಡಿತ ಎಲ್ಲಿಂದ? ನಮ್ಮ ಟ್ರ್ಯಾಕೇನು ಕನ್ನಡಿ ಹಾಗಿದೆಯಾ? ನಿಂಗೆ ಮಧ್ಯಮದ್ದೇ ಬೇಗ ಓಡೋದು. ಕಾರಿಗೆ ಕೇಳ್ತಿದೀಯೋ, ಇನ್ಯಾರಿಗಾದ್ರೂ ಕೇಳ್ತಿದೀಯೋ?"

ಅವಳು ಹೇಳಿದ್ದು ಸರಿ ಎಂದು ಅಳಿಯನಿಗೂ ಗೊತ್ತಿತ್ತು. ಸಸ್ಪೆನ್ಷನ್ ಬಗ್ಗೆ ಅವನು ಓದದೆ ಬಿಟ್ಟದ್ದಿರಲಿಲ್ಲ. ಆದರೆ ಪಕ್ಕದಲ್ಲಿ ಯಾರು ಎಂದು ಅವಳು ಕೇಳಿದ ಗಳಿಗೆಯಲ್ಲಿ ತಲೆಯೊಳಗೆ ಬೇರೆಯೇ ಒಂದು ದೀಪ ಹತ್ತಿತ್ತು. ಮಾವನ ಸೊಂಟ ಹಳೆಯ ಸೊಂಟ. ಹಾಸಿಗೆ ಹೊತ್ತು ಹೊತ್ತು ಹಾಳಾದದ್ದು. ಕಾರು ಕಲ್ಲುಬಂಡೆಯಾದರೆ ಅವರಾಗಿಯೇ ಒಂದು ದಿನ "ನಾನು ವ್ಯಾನಲ್ಲೇ ಬರ್ತೀನಿ ಅಳಿಯಂದ್ರೇ" ಎನ್ನುತ್ತಾರೆ. ತಾನು ಒಂದು ಮಾತೂ ಆಡಬೇಕಾಗಿಲ್ಲ, ಹಾವೂ ಸಾಯಬೇಕು ಕೋಲೂ ಮುರಿಯಬಾರದು. ಕೇಳಿದರೆ ಟ್ರ್ಯಾಕಿಗೆ ಬೇಕಾಗಿತ್ತು ಎಂದರಾಯಿತು. ಹೀಗೆ ಅಳಿಯ ತನ್ನ ಕಾರಿಗಲ್ಲ, ಮಾವನಿಗೆ ಸ್ಪ್ರಿಂಗು ಆರಿಸಿದ.

ಆ ಸೆಟ್ ತರಿಸಿ ಹಾಕುವಷ್ಟರಲ್ಲಿ ಎರಡು ತಿಂಗಳು ಕಳೆಯುತ್ತ ಬಂದಿತ್ತು. ಹೆಂಡತಿಗೆ ಇದು ತಿಳಿಯಲು ಒಂದು ಸುತ್ತು ಸಾಕಾಯಿತು. ಬೀದಿಯ ಕೊನೆಯ ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವಳು ಎರಡು ಸಲ ತಲೆ ಮೇಲಿನ ಹಿಡಿ ಹಿಡಿದುಕೊಂಡಳು.

"ಅಪ್ಪನ ಸೊಂಟದ ವಿಷಯ ನಿಮಗೆ ಗೊತ್ತಲ್ವಾ?"

"ಟ್ರ್ಯಾಕಿಗೆ ಇದೇ ಬೇಕು."

"ಬಾಯಲ್ಲಿ ಹೇಳೋಕಾಗದ್ದನ್ನ ಸ್ಪ್ರಿಂಗ್ ಕೈಲಿ ಹೇಳಿಸ್ತಿದೀರಾ ಅಷ್ಟೇ. ನಾನೇ ಹೇಳ್ತೀನಿ ಬೇಕಾದ್ರೆ."

"ಬೇಡ. ನೀನು ಏನೂ ಹೇಳ್ಬೇಡ."

"ಆಯ್ತು ಬಿಡಿ" ಎಂದಳು. ಅವಳು ಆಯ್ತು ಬಿಡಿ ಎಂದರೆ ಏನೂ ಆಗಿಲ್ಲ ಎಂದೇ ಅರ್ಥ, ಅದು ಅವನಿಗೂ ಗೊತ್ತಿತ್ತು.

ಮರುದಿನ ಮಾವ ಎಂದಿನಂತೆ ಬಂದು ಕೂತರು. ಮನೆಯ ತಿರುವಿನಲ್ಲಿರುವ ಮೊದಲ ರೋಡ್ ಹಂಪಿನಲ್ಲಿ ಅವರ ಬಾಯಿಂದ "ಹಾ" ಎಂಬ ಸಣ್ಣ ಸದ್ದು ಹೊರಟಿತು. ಆಮೇಲೆ ಮೇಲ್ಸೇತುವೆ. ಅದರ ಒಂದೊಂದು ಜೋಡಣೆಯೂ ಬೆನ್ನುಮೂಳೆಯ ಒಂದೊಂದು ಕೀಲನ್ನು ಹೆಸರು ಹಿಡಿದು ಕರೆಯಿತು. ಬೋರ್ಡು ಓದುತ್ತಿದ್ದ ದನಿ ಮುರಿದು ಮುರಿದು ಬಂತು. "ಬೀಗ ರಿ... ಪೇರಿ." ಅಂಗಡಿ ಮುಂದೆ ಇಳಿದವರೇ ಮಾವ ಸೊಂಟ ಹಿಡಿದುಕೊಂಡು, ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡಿಗೆ ಅಂಗೈ ಇಟ್ಟು, ಹಾಸಿಗೆ ನೋಡುವಂತೆ ಎರಡು ಸಲ ಒತ್ತಿದರು. ಕಾರು ಅಲುಗಲಿಲ್ಲ.

"ಗಟ್ಟಿ ಮಾಡ್ಸಿದೀರಿ."

"ಟ್ರ್ಯಾಕಿಗೆ ಬೇಕಾಗುತ್ತೆ ಮಾವ."

"ಒಳ್ಳೇದು. ಮೆತ್ತಗಿನ ಸುಖ ಮೂರು ದಿನ." ಮತ್ತೆ ಒಂದು ಸಲ ಒತ್ತಿ ಕೇಳಿದರು. "ಬೇಕಾದಾಗ ಮೆತ್ತಗೆ ಮಾಡೋಕೆ ಬರಲ್ವಾ ಇದು?"

"ಬರಲ್ಲ ಮಾವ. ಒಂದ್ಸಲ ಹಾಕಿದ್ರೆ ಮುಗೀತು." ಸುಳ್ಳು ಅವನು ಅಂದುಕೊಂಡದ್ದಕ್ಕಿಂತ ಸಲೀಸಾಗಿ ಬಂತು. "ನಿಮಗೆ ಕಷ್ಟ ಆಗೋದಾದ್ರೆ ವ್ಯಾನಲ್ಲಿ..."

"ಛೆ ಛೆ. ನೀವೊಬ್ಬರೇ ಹೋಗೋದಾ? ಬೇಜಾರಾಗಲ್ವಾ?"

ಅಳಿಯ ಶಟರ್ ಎತ್ತಲು ಹೋದ.

ಆಮೇಲೆ ನಡೆದದ್ದು ಹಾಸಿಗೆಯವರ ಮನೆಯಲ್ಲಿ ಮಾತ್ರ ನಡೆಯಬಹುದಾದದ್ದು. ಅಂದೇ ಮಧ್ಯಾಹ್ನ ಮಾವ ಸೀಮೆಸುಣ್ಣ, ಟೇಪು ಹಿಡಿದು ಕಾರಿನೊಳಗೆ ಹೊಕ್ಕು, ಪಕ್ಕದ ಸೀಟಿನ ಉದ್ದಗಲ, ಬೆನ್ನಿನ ಬಾಗು, ತೊಡೆಯ ಏರು ಎಲ್ಲವನ್ನೂ ಅಳೆದುಕೊಂಡರು. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ದರ್ಜಿಯನ್ನು ಪಕ್ಕಕ್ಕೆ ಸರಿಸಿ ತಾವೇ ಮಿಷನ್ನಿಗೆ ಕೂತರು. ಕೆಳಗೆ ಒತ್ತಿದ ನಾರು, ನಡುವೆ ಬಟ್ಟೆಯ ಪುಟ್ಟ ಚೀಲಗಳಲ್ಲಿ ಹೊಲಿದ ಸಣ್ಣ ಸ್ಪ್ರಿಂಗುಗಳು, ಮೇಲೆ ಎರಡು ಬಗೆಯ ಸ್ಪಂಜು, ಹೊದಿಕೆಗೆ ಕಾರಿನದೇ ಬೂದು ಬಣ್ಣ. ಅವರು ಹೀಗೆ ಹುಮ್ಮಸ್ಸಿನಿಂದ ಕೆಲಸ ಮಾಡಿದ್ದನ್ನು ನೋಡಿ ಬಹಳ ಕಾಲವಾಯಿತು ಎಂದು ದರ್ಜಿ ಹೇಳಿದ. ಸಂಜೆ ಆ ದಿಂಬನ್ನು ಸೀಟಿಗೆ ಕೂರಿಸಿದಾಗ ಅದು ಹುಟ್ಟಿನಿಂದ ಅಲ್ಲೇ ಇದ್ದಂತೆ ಕೂತಿತು. ಅದರ ಮೇಲೆ ಮಾವ ಕೂತರು.

"ಈಗ ಎಲ್ಲಿಗೆ ಬೇಕಾದ್ರೂ ನಡೀರಿ."

ಊರಿಗೆಲ್ಲ ಹಾಸಿಗೆ ಹೊಲಿದವರನ್ನು ಗಟ್ಟಿ ಸೀಟಿನಿಂದ ಹೆದರಿಸಲು ಹೊರಟಿದ್ದನಲ್ಲ, ಅಳಿಯನ ಬುದ್ಧಿಗೆ ಏನು ಹೇಳುವುದು. ಮೇಲ್ಸೇತುವೆಯ ಮೇಲೆ ಈಗ ಮಾವ ಬೋರ್ಡು ಓದುತ್ತ ಹಾಯಾಗಿದ್ದರು, ಅಳಿಯನ ಕತ್ತು ಮಾತ್ರ ಹಿಡಿದುಕೊಂಡಿತ್ತು. "ನಿಮಗೂ ಒಂದು ಹೊಲಿದುಕೊಡ್ಲಾ?" ಎಂದು ಅವರು ಕೇಳಿದರು. ಅದಕ್ಕೆ ಅವನಿಗೆ ಅಳುವೇ ಬಂದಂತಾಯಿತು. ಈ ಮನುಷ್ಯನಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ, ಎಲ್ಲಿ ಒದ್ದರೂ ಅಲ್ಲೊಂದು ದಿಂಬು ಇಡುತ್ತಾರೆ ಎನ್ನಿಸಿತು.

ಮರುದಿನ ಬೆಳಿಗ್ಗೆ ಮಾವ ಹೊರಗೆ ಬರುವ ಮುಂಚೆ ಅಳಿಯ ಬಾನೆಟ್ ಎತ್ತಿ ಮುಂದಿನ ತಿರುಪುಗಳನ್ನು ಗಟ್ಟಿಯ ಕಡೆಗೆ ತಿರುಗುವಷ್ಟೂ ತಿರುಗಿಸಿದ, ಹಿಂದಿನವನ್ನೂ ಬಿಡಲಿಲ್ಲ. ಯಾವ ಟ್ರ್ಯಾಕಿಗೂ ಬೇಡದ ಬಿಗಿ ಅದು. ಕಾರು ಈಗ ಓಡುತ್ತಿರಲಿಲ್ಲ, ಕುಪ್ಪಳಿಸುತ್ತಿತ್ತು. ಇಂಥ ಹೊಡೆತಕ್ಕೆ ಯಾವ ದಿಂಬೂ ಸಾಲದು.

ಮಾವ ದೂರಲಿಲ್ಲ. ಒಂದು ದಿನ ಕಳೆಯಿತು, ಎರಡು ಕಳೆಯಿತು. ಅವರು ಬೋರ್ಡು ಓದುವುದನ್ನು ನಿಲ್ಲಿಸಿದರು. ಹಾಸಿಗೆಯ ಮಾತು ನಿಂತಿತು, ಕಾಲಿನ ಬ್ರೇಕು ನಿಂತಿತು. ಒಂದು ಕೈಯಲ್ಲಿ ಮೇಲಿನ ಹಿಡಿ, ಇನ್ನೊಂದು ಕೈ ಸೊಂಟದ ಮೇಲೆ, ಗುಂಡಿ ಬಂದರೆ ಕಣ್ಣು ಮುಚ್ಚುವುದು. ಕಾರಿನೊಳಗೆ ಮಾತಿಲ್ಲ. ಅಳಿಯ ಬೇಡಿಕೊಂಡ ಮೌನ ಇದಾಗಿರಲಿಲ್ಲ. ಪಕ್ಕದಲ್ಲಿ ವಯಸ್ಸಾದವರೊಬ್ಬರು ಹಲ್ಲು ಕಚ್ಚಿಕೊಂಡು ಕೂತಿರುವ ಈ ಮೌನಕ್ಕಿಂತ ಬೀಗ ರಿಪೇರಿ, ಮಕ್ಕಳ ಬಟ್ಟೆಯೇ ವಾಸಿಯಾಗಿತ್ತು. ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ತಿರುಪನ್ನು ಹಿಂದಕ್ಕೆ ತಿರುಗಿಸಲಿಲ್ಲ. ಇನ್ನೊಂದೇ ದಿನ, ಇನ್ನೊಂದೇ ದಿನ, ಇಂದು ಹೇಳಿಬಿಡುತ್ತಾರೆ ಎಂದು ಕಾದ.

ಶುಕ್ರವಾರ ಬಂತು. ಭಾನುವಾರಕ್ಕೆ ಟ್ರ್ಯಾಕು ಬುಕ್ ಆಗಿತ್ತು. ನೀರಿನ ಪೈಪಿಗೆ ಅಗೆದು ಮುಚ್ಚಿದ ಕಡೆ ಕಾರು ಎಗರಿ ಬಿತ್ತು, ಮಾವನ ಬಾಯಿಂದ ಅಮ್ಮಾ ಎಂಬ ಉದ್ಗಾರ ಹೊರಟೇಬಿಟ್ಟಿತು. ಅಳಿಯ ಬಸ್ ಸ್ಟಾಪಿನ ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಇಬ್ಬರೂ ಮುಂದಿನ ಗಾಜನ್ನೇ ನೋಡುತ್ತ ಕೂತರು.

"ಬಾನೆಟ್ ಕೆಳಗೆ ಒಂದು ತಿರುಪು ಇದೆ," ಎಂದರು ಮಾವ. "ನೀವು ಊಟಕ್ಕೆ ಹೋದಾಗ ತೆಗೆದು ನೋಡಿದೆ. ತಿರುಗಿಸಿದ್ರೆ ಮೆತ್ತಗಾಗುತ್ತೆ. 'ಸಾಫ್ಟ್' ಅಂತ ಒಂದು ಕಡೆ ಬಾಣ ಬೇರೆ ಹಾಕಿದ್ದಾರೆ. ನಂಗೆ ಸ್ಪ್ರಿಂಗು ಗೊತ್ತಿಲ್ಲ ಅಂದ್ಕೊಂಡ್ರಾ ಅಳಿಯಂದ್ರೇ?"

ಅಳಿಯನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

"ಈ ಅಂಗಡಿ ನಮ್ಮಪ್ಪನದಲ್ಲ, ನಿಮಗೆ ಗೊತ್ತು. ನಮ್ಮ ಮಾವನದು. ನಾನೂ ನಿಮ್ಮ ಹಾಗೇ ಬಂದವನು. ಆಗ ಸ್ಕೂಟರ್ ಇತ್ತು ನಂದು. ದಿನಾ ಹಿಂದಿನ ಸೀಟಲ್ಲಿ ನಮ್ಮ ಮಾವ. ಅವರು ಹಾಡು ಹೇಳೋರು, ನನ್ನ ಕಿವಿ ಹತ್ರ. ಒಂದು ಭಾನುವಾರ ಸೀಟ್ ಕವರ್ ಬಿಚ್ಚಿ ಒಳಗಿನ ಸ್ಪಂಜು ತೆಗೆದು, ಬರೀ ಹಲಗೆ ಮೇಲೆ ಕವರ್ ಹೊಲಿದೆ. ನನ್ನ ಕೈಕೆಲಸ, ಯಾರಿಗೂ ಗೊತ್ತಾಗ್ಲಿಲ್ಲ."

"ಅವರು ಇಳಿದ್ರಾ?"

"ಎಲ್ಲಿ ಇಳೀತಾರೆ? ಹಲಗೆ ಮೇಲೆ ಕೂತು ಹಾಡಿದ್ರು. ಸಾಯೋ ವರ್ಷದ ತನಕ ಕೂತ್ರು. ಇಳೀರಿ ಮಾವ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅವರು ಹೋದಮೇಲೆ ಸ್ಪಂಜು ವಾಪಸ್ ಹಾಕಿದೆ. ಅವತ್ತು ಆದ ಹಿಂಸೆ ಹೇಳೋಕಾಗಲ್ಲ." ಮಾವ ಈಗ ಅವನ ಕಡೆಗೆ ತಿರುಗಿದರು. "ನೀವಾದ್ರೂ ಬಾಯಿಬಿಟ್ಟು ಹೇಳ್ತೀರೇನೋ ಅಂತ ನೋಡ್ತಿದ್ದೆ. ಸೊಂಟ ಹೋಗ್ಲಿ, ಕೇಳೇ ತೀರ್ತೀನಿ ಅಂತ ಕೂತಿದ್ದೆ. ಹೇಳಿ."

ಬಸ್ಸೊಂದು ಬಂದು ನಿಂತು ಹೋಯಿತು. ವರ್ಷಗಳಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದ ವಾಕ್ಯಗಳಲ್ಲಿ ಒಂದೂ ಅಳಿಯನ ನಾಲಿಗೆಗೆ ಬರಲಿಲ್ಲ. ಬಂದದ್ದು ಬೇರೆ.

"ನನಗೆ ಒಬ್ಬನೇ ಇರೋಕೆ ಎಲ್ಲೂ ಜಾಗ ಇಲ್ಲ ಮಾವ. ನಿಮ್ಮ ಮೇಲೆ ಸಿಟ್ಟಿಲ್ಲ, ಖಂಡಿತ ಇಲ್ಲ. ಉಸಿರು ಕಟ್ಟುತ್ತೆ ಅಷ್ಟೇ. ಈ ದಾರಿ ಒಂದಾದ್ರೂ ಒಬ್ಬನೇ ಹೋಗ್ಬೇಕು."

ಮಾವ ದೀರ್ಘವಾಗಿ ಉಸಿರು ಬಿಟ್ಟರು. ಬೆನ್ನ ಮೇಲಿನ ಮೂಟೆ ಇಳಿಸಿದವರ ಉಸಿರು ಅದು.

"ಅಬ್ಬಾ. ಸರಿ ಹಾಗಾದ್ರೆ. ಅಂಗಡಿಗೆ ಹೋಗಿ ಹೋಗಿ ನಂಗೆ ಸಾಕಾಗಿ ಎಷ್ಟು ವರ್ಷ ಆಯ್ತು ಗೊತ್ತಾ? ಕಣ್ಣು ಆಪರೇಷನ್ ಆದಾಗಲೇ ನಿಲ್ಲಿಸ್ಬೇಕು ಅಂತಿದ್ದೆ. ನೀವು ಬಂದ್ರಿ. ಮೊದಲನೇ ದಿನ ಬಾಗಿಲು ತೆಗೆದು ಬನ್ನಿ ಮಾವ ಅಂದ್ರಲ್ಲ, ಪಾಪ, ಒಬ್ಬರೇ ಕೂರೋಕೆ ಸಂಕೋಚ ಇರಬೇಕು, ಜೊತೆಗಿರೋಣ ಅಂತ ಬಂದೆ. ದಿನಾ ಅದಕ್ಕೇ ಬಂದೆ." ಜೇಬಿಗೆ ಕೈ ಹಾಕಿ ಅಂಗಡಿ, ಗೋಡೌನು, ಗಲ್ಲಾ ಎಲ್ಲದರ ಬೀಗದ ಕೈಗಳಿದ್ದ ಗೊಂಚಲನ್ನು ತೆಗೆದು ಅಳಿಯನ ಅಂಗೈಯಲ್ಲಿಟ್ಟರು. "ಇನ್ನು ನಿಮ್ದು. ನಾನು ಬರಲ್ಲ."

"ಮಾವ, ನಾನು ಹೇಳಿದ್ದು ಕಾರಿಗಷ್ಟೇ..."

"ಗೊತ್ತು ಗೊತ್ತು. ನೀವು ಹೇಳಿದ್ರಿ, ನಂಗೂ ಹೇಳೋ ಧೈರ್ಯ ಬಂತು." ಅವರು ಮೆಲ್ಲಗೆ ಇಳಿದರು. ದಿಂಬನ್ನೂ ಎಳೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡರು.

"ಎಲ್ಲಿಗೆ ಹೋಗ್ತೀರಾ?"

"ಗೊತ್ತಿಲ್ಲಪ್ಪ. ಬಸ್ಸು ಎಲ್ಲಿಗೆ ಹೋಗುತ್ತೋ ನೋಡೋಣ." ಮೊದಲ ಸಲ ಅಳಿಯನನ್ನು ಅಪ್ಪಾ ಎಂದಿದ್ದರು. ಸೊಂಟ ಹಿಡಿದುಕೊಂಡೇ ಬಸ್ ಸ್ಟಾಪಿನ ಕಲ್ಲುಬೆಂಚಿಗೆ ನಡೆದು, ದಿಂಬು ಹಾಕಿ ಕೂತು, ಎದುರಿನ ಬೋರ್ಡು ಓದತೊಡಗಿದರು.

ಅಳಿಯ ಹೊರಟ. ಗಾಜು ಇಳಿಸಿದ, ಗೇರು ಬದಲಿಸಿದ, ಎಂಜಿನ್ನಿನ ದನಿ ಕೇಳಿದ. ಇಷ್ಟು ವರ್ಷಗಳಲ್ಲಿ ಆ ದನಿಯನ್ನು ಈ ರಸ್ತೆಯಲ್ಲಿ ಕೇಳಿಯೇ ಇರಲಿಲ್ಲ. ಎರಡು ಸಿಗ್ನಲ್ ದಾಟುವವರೆಗೆ ಅವನಿಗೆ ನಿಜಕ್ಕೂ ಸಂತೋಷವಾಯಿತು. ಮೂರನೆಯದರಲ್ಲಿ ನಿಂತಾಗ ತೊಡೆಯ ಮೇಲಿದ್ದ ಗೊಂಚಲು ಜಾರಿತು, ಎತ್ತಿಕೊಂಡ. ಬೆಳಿಗ್ಗೆ ಯಾರು ತೆರೆಯಬೇಕು, ರಾತ್ರಿ ಯಾರು ಮುಚ್ಚಬೇಕು, ದರ್ಜಿ ಬಾರದಿದ್ದರೆ ಯಾರು, ಗಿರಾಕಿ ಬೈದರೆ ಯಾರು, ಎಲ್ಲಕ್ಕೂ ಒಂದೇ ಉತ್ತರ. ಇನ್ನೊಂದು ಕೆಲಸ ಸಿಗುವ ತನಕ ಎಂದು ಬಂದು ಕೂತಿದ್ದವನು ಅವನು. ಆ ಮಾತನ್ನು ಇನ್ನು ಯಾರ ಮುಂದೆಯೂ, ತನ್ನ ಮುಂದೆಯೂ, ಆಡುವಂತಿರಲಿಲ್ಲ.

ಶನಿವಾರ ಟ್ರ್ಯಾಕಿನವರು ಫೋನ್ ಮಾಡಿ ನಾಳೆ ಬರುವುದು ಖಾತ್ರಿಯೇ ಎಂದು ಕೇಳಿದರು. ಆಗಲೇ ಅವನಿಗೆ ಹೊಳೆದದ್ದು. ಭಾನುವಾರ ಗಲ್ಲಾದಲ್ಲಿ ಕೂರುವವರು ಯಾರು? ಆಮೇಲೆ ಹೇಳುತ್ತೇನೆ ಎಂದು ಇಟ್ಟ. ಹೆಂಡತಿಗೆ ಫೋನ್ ಮಾಡಿದ. ಅವಳ ಹಿಂದೆ ಮಾವ ಯಾರೊಂದಿಗೋ ನಗುತ್ತಿರುವುದು ಕೇಳಿಸಿತು. ನಿನ್ನೆ ಬಸ್ಸಿನಲ್ಲಿ ಕೊನೆಯ ಸ್ಟಾಪಿನವರೆಗೆ ಹೋಗಿ ಕೆರೆ ನೋಡಿಕೊಂಡು ಬಂದಿದ್ದರಂತೆ, ನಾಳೆ ಇನ್ನೊಂದು ಬಸ್ಸಂತೆ.

"ಭಾನುವಾರ ಒಂದಿನ ಅಂಗಡೀಲಿ ಕೂರ್ತೀರಾ ಅಂತ ಅಪ್ಪನ್ನ ಕೇಳ್ಲಾ?" ಎಂದಳು ಅವಳು. "ಕೇಳಿದ್ರೆ ಇಲ್ಲ ಅನ್ನಲ್ಲ."

ಇಲ್ಲ ಎನ್ನುವುದಿಲ್ಲ, ಅದು ಅವನಿಗೆ ಗೊತ್ತಿತ್ತು. ಅದಕ್ಕೇ ಕೇಳುವಂತಿರಲಿಲ್ಲ. ನಿನ್ನೆ ತಾನೇ ಇಳಿಸಿದವರನ್ನು ಯಾವ ಮುಖ ಇಟ್ಟುಕೊಂಡು ಮತ್ತೆ ಕೂರಿಸುವುದು? "ಬೇಡ, ಕೇಳ್ಬೇಡ" ಎಂದ. ಅಂಗಡಿಗೆ ಬೀಗ ಹಾಕಿ ಹೋಗಬಹುದಿತ್ತು, ಬೀಗವೂ ಅವನದೇ, ಕೈಯೂ ಅವನದೇ. ಯಜಮಾನ ಬಿಟ್ಟ ಮೊದಲ ಭಾನುವಾರವೇ ಅಳಿಯ ಬಾಗಿಲು ಮುಚ್ಚಿದ ಎಂದು ಬೀದಿಯೆಲ್ಲ ಆಡಿಕೊಳ್ಳುವುದು ಕಿವಿಗೆ ಕೇಳಿಸಿತು. ಇಬ್ಬರು ಗಿರಾಕಿಗಳಿಗೆ ಭಾನುವಾರ ಬನ್ನಿ ಎಂದು ತಾನೇ ಹೇಳಿದ್ದ.

ಭಾನುವಾರ ಬೆಳಿಗ್ಗೆ ಕಾರಿನ ತಿರುಪುಗಳನ್ನೆಲ್ಲ ಮೆತ್ತನೆಯ ಕಡೆಗೆ ತಿರುಗಿಸಿದ. ಸ್ಪ್ರಿಂಗಿನ ಗಟ್ಟಿತನ ತಿರುಪಿಗೆ ಬಗ್ಗುವಂಥದ್ದಲ್ಲ, ಹಂಪಿನಲ್ಲಿ ಅದು ಅವನ ಬೆನ್ನಿಗೆ ಹೊಡೆದೇ ಹೊಡೆಯಿತು. ಅಂಗಡಿ ತೆರೆದು ಹಾಸಿಗೆಗಳ ಧೂಳು ಕೊಡವುತ್ತಿದ್ದಾಗ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಹೆಂಡತಿ ಚಪ್ಪಲಿ ಬಿಟ್ಟು ಮಲಗಿ ನೋಡುತ್ತಿದ್ದಳು. ಗಂಡನ ಕಣ್ಣೆಲ್ಲ ಬಾಗಿಲ ಹೊರಗೆ.

"ಆ ಕಾರು ನಿಮ್ದಾ ಸಾರ್? ಟ್ರ್ಯಾಕಿಗೆಲ್ಲ ತಗೊಂಡು ಹೋಗ್ತೀರಾ?"

"ಹೋಗ್ತಿದ್ದೆ," ಎಂದು ಅಳಿಯ ಟೇಪು ಬಿಚ್ಚಿದ. "ನಮ್ಮ ಮಾವ ಅಂಗಡೀಲಿ ಕೂರ್ತಿದ್ದಾಗ."